ಅಬ್ಬರಿಸಬಲ್ಲವರು ಸುಮ್ಮನಿದ್ದಾಗ: ಓಪೆತ್ ತಂಡದ ‘ಡ್ಯಾಮ್ನೇಷನ್’

ಈಗ ಕೇಳಿದಿರಲ್ಲ, ಹಾಡು ಪಟ್ಟನೆ ನಿಂತುಬಿಟ್ಟಿತು. ಮುಂದಿನ ಸಾಲಿನಲ್ಲಿ ಇಬ್ಬರು ತಿರುಗಿ ಸ್ಪೀಕರ್ ಕಡೆ ನೋಡಿದಿರಿ, ಒಬ್ಬರು ನನ್ನ ಕಡೆ ಕನಿಕರದಿಂದ ನೋಡಿದಿರಿ. ವೈರ್ ಏನೂ ಕಿತ್ತುಬಂದಿಲ್ಲ. ಹಾಡು ಇರುವುದೇ ಹಾಗೆ. ಐದು ನಿಮಿಷ ಓಡಿ, ಒಂದೇ ಪಟ್ಟನ್ನು ಸುತ್ತಿ ಸುತ್ತಿ, ಇನ್ನೇನು ಎಲ್ಲಿಗೋ ತಲುಪುತ್ತದೆ ಅನ್ನುವಷ್ಟರಲ್ಲಿ ಕತ್ತರಿ ಹಾಕಿದ ಹಾಗೆ ಮುಗಿಯುತ್ತದೆ. ಅದರ ಹೆಸರು ಏನು ಗೊತ್ತಾ? ‘ಕ್ಲೋಷರ್’. ಅಂದರೆ ಮುಕ್ತಾಯ, ಒಂದು ಸಂಗತಿ ಸರಿಯಾಗಿ ಮುಗಿದು ಮನಸ್ಸಿಗೆ ಸಮಾಧಾನ ಸಿಗುವುದು. ಆ ಹೆಸರಿಟ್ಟು, ಅದನ್ನೇ ಕೊಡದೆ ಹೋಗಿದ್ದಾರೆ.

ನಾನು ಇದನ್ನು ಮೊದಲು ಕೇಳಿದ್ದು ಗೆಳೆಯನೊಬ್ಬ ಬರೆದುಕೊಟ್ಟ ಸಿಡಿಯಲ್ಲಿ. ಅವನ ಕಂಪ್ಯೂಟರ್ ಸರಿಯಿಲ್ಲ, ಅರ್ಧಕ್ಕೆ ಬರೆದಿದೆ ಅಂದುಕೊಂಡೆ. ಇನ್ನೊಂದು ಬರೆದುಕೊಡು ಮಾರಾಯ ಅಂದೆ. ಅವನು ಗೊಣಗುತ್ತಾ ಬರೆದುಕೊಟ್ಟ. ಅದೂ ಅಲ್ಲೇ ನಿಂತಿತು. ಅವನ ಹತ್ತಿರ ಮತ್ತೆ ಜಗಳ. ಮೂರನೆಯದನ್ನು ಕೇಳಲು ನಾಚಿಕೆಯಾಗಿ ಸುಮ್ಮನಾದೆ. ಆಮೇಲೆ ಎಷ್ಟೋ ತಿಂಗಳಾದ ಮೇಲೆ ಅಸಲಿ ಸಿಡಿ ಕೈಗೆ ಬಂದಾಗ ಗೊತ್ತಾಯಿತು, ತಪ್ಪು ಕಂಪ್ಯೂಟರಿನದಲ್ಲ, ನನ್ನದು. ಹಾಡು ಅಂದಮೇಲೆ ಅದು ನನಗೆ ಒಂದು ದಡ ತೋರಿಸಲೇಬೇಕು ಅಂತ ಅಂದುಕೊಂಡಿದ್ದೆನಲ್ಲ, ಅದು.

ಇವತ್ತು ಮಾತಾಡಬೇಕಾದ ಆಲ್ಬಮ್ ಇದೇ. ಓಪೆತ್ ಅನ್ನುವ ಸ್ವೀಡನ್ ತಂಡದ ‘ಡ್ಯಾಮ್ನೇಷನ್’. 2003ರ ಏಪ್ರಿಲ್‌ನಲ್ಲಿ ಬಂತು. ಎಂಟು ಹಾಡು, ಹತ್ತಿರ ಹತ್ತಿರ 43 ನಿಮಿಷ. ಪ್ರೋಗ್ರೆಸಿವ್ ರಾಕ್, ಅಂದರೆ ಉದ್ದುದ್ದ ಹಾಡು, ಕಷ್ಟದ ತಾಳಗಳಿಗೆ ಹೆಸರಾದ ರಾಕ್, ಚಿಕ್ಕದಾಗಿ ಪ್ರಾಗ್, ಅದರ ಲೆಕ್ಕದಲ್ಲಿ ಇದು ಚಿಕ್ಕದೇ. ಪ್ರಾಗ್ ಮಂದಿ ಒಂದೇ ಹಾಡಿಗೆ ಎಲ್ಪಿ ತಟ್ಟೆಯ ಒಂದು ಪಕ್ಕ ಪೂರ್ತಿ ತೆಗೆದುಕೊಳ್ಳುವವರು, ನಿಮಗೆ ಗೊತ್ತಲ್ಲ.

ಓಪೆತ್ ಯಾರು ಅಂತ ತಿಳಿಯದೆ ಈ ಆಲ್ಬಮ್ ಅರ್ಥವಾಗುವುದಿಲ್ಲ, ಅಥವಾ ಅರ್ಧ ಅರ್ಥವಾಗುತ್ತದೆ. ಇವರು ಡೆತ್ ಮೆಟಲ್‌ನಿಂದ, ಅಂದರೆ ಗರ್ಜಿಸುತ್ತಾ ಹಾಡುವ ಅಬ್ಬರದ ಸಂಗೀತದಿಂದ ಬಂದವರು. ಹಾಡುಗಾರ, ಗಿಟಾರ್ ವಾದಕ, ಹೆಚ್ಚುಕಡಿಮೆ ಎಲ್ಲ ಹಾಡುಗಳ ಕರ್ತೃ ಮೀಕಾಯೆಲ್ ಓಕರ್‌ಫೆಲ್ಟ್. ಅವನ ಗ್ರೌಲ್ ಇದೆಯಲ್ಲ, ಹೊಟ್ಟೆಯ ಆಳದಿಂದ ಬರುವ ಆ ಗರ್ಜನೆ, ಆ ಕಾಲಕ್ಕೆ ಅಷ್ಟು ತೂಕದ ದನಿ ಇನ್ನೊಬ್ಬರದು ಇರಲಿಲ್ಲ ಅಂತ ನನ್ನ ಅಭಿಪ್ರಾಯ. ಕಟಟೋನಿಯಾ ಅನ್ನುವ ಇನ್ನೊಂದು ಸ್ವೀಡಿಷ್ ತಂಡ 1996ರ ತನ್ನ ಆಲ್ಬಮ್‌ಗೆ ಇವನ ಗರ್ಜನೆಯನ್ನು ಕರೆಸಿಕೊಂಡಿತ್ತು ಅಂದರೆ ನೋಡಿ. ಓಪೆತ್ ಹಾಡುಗಳು ಹತ್ತು ನಿಮಿಷ, ಹನ್ನೆರಡು ನಿಮಿಷ. ಅದರೊಳಗೆ ಗರ್ಜನೆ, ನಡುವೆ ಇದ್ದಕ್ಕಿದ್ದ ಹಾಗೆ ಮೆಲ್ಲನೆಯ ಅಕೂಸ್ಟಿಕ್ ಗಿಟಾರ್, ಮತ್ತೆ ಗರ್ಜನೆ. ಬಿರುಗಾಳಿ, ಬಿಡುವು, ಬಿರುಗಾಳಿ. 2001ರ ‘ಬ್ಲ್ಯಾಕ್‌ವಾಟರ್ ಪಾರ್ಕ್’ ಇದಕ್ಕೆ ಒಳ್ಳೆಯ ಉದಾಹರಣೆ. ಆ ಆಲ್ಬಮ್‌ಗೆ ನಿರ್ಮಾಪಕನಾಗಿ ಬಂದವನು ಇಂಗ್ಲೆಂಡಿನ ಸ್ಟೀವನ್ ವಿಲ್ಸನ್, ಪೋರ್ಕ್ಯುಪೈನ್ ಟ್ರೀ ತಂಡದವನು. ಅವನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಬರುತ್ತದೆ.

ಅಡ್ಡಮಾತು ಒಂದು. ಓಕರ್‌ಫೆಲ್ಟ್ ಹಳೇ ಎಲ್ಪಿಗಳ ಹುಚ್ಚ. ಯಾರೂ ಕೇಳದ 70ರ ದಶಕದ ತಂಡಗಳನ್ನು ಹುಡುಕಿ ಹುಡುಕಿ ಕೊಳ್ಳುವವನು. ‘ಬ್ಲ್ಯಾಕ್‌ವಾಟರ್ ಪಾರ್ಕ್’ ಅನ್ನುವುದು ಒಂದು ಹಳೇ ಜರ್ಮನ್ ತಂಡದ ಹೆಸರು. ‘ಮಾಸ್ಟರ್ಸ್ ಅಪ್ರೆಂಟಿಸಸ್’ ಅಂತ ಒಂದು ಹಾಡು ಮಾಡಿದರು, ಅದು ಆಸ್ಟ್ರೇಲಿಯಾದ ಒಂದು ತಂಡದ ಹೆಸರು. ಆಮೇಲೆ ‘ಗಾಬ್ಲಿನ್’ ಅಂತ ಮಾಡಿದರು, ಅದು ಇಟಲಿಯದು. ಗರ್ಜಿಸುತ್ತಿದ್ದ ಕಾಲದಲ್ಲೂ ಮನೆಯಲ್ಲಿ ಈ ಮನುಷ್ಯ ಕೇಳುತ್ತಿದ್ದದ್ದು ಇಂಥದ್ದೇ ಮೆತ್ತನೆಯ, ಧೂಳು ಹಿಡಿದ ಸಂಗೀತ. ಅಂದರೆ ‘ಡ್ಯಾಮ್ನೇಷನ್’ ಆಕಾಶದಿಂದ ಬಿದ್ದದ್ದಲ್ಲ.

ಹೇಗೆ ಹುಟ್ಟಿತು ಅಂದರೆ, ಅದೂ ಒಂದು ಕಥೆ. ಮುಂದಿನ ಆಲ್ಬಮ್ ಪೂರ್ತಿ ಗಡಸಾಗಿರಬೇಕೋ, ಪೂರ್ತಿ ಮೆದುವಾಗಿರಬೇಕೋ ಅಂತ ಓಕರ್‌ಫೆಲ್ಟ್‌ಗೆ ಗೊಂದಲ. ಕಟಟೋನಿಯಾದ ಯೋನಾಸ್ ರೆಂಕ್ಸೆ, ಹಳೇ ಗೆಳೆಯ, ಎರಡೂ ಮಾಡು ಅಂದ. ಒಂದು ಗಡಸು, ಒಂದು ಮೆದು. ಸಲಹೆ ಕೊಡುವುದು ಸುಲಭ, ಅಲ್ವಾ? ಅದನ್ನು ಹೊತ್ತುಕೊಂಡು 2002ರ ಬೇಸಿಗೆಯಲ್ಲಿ ಗೋಥೆನ್‌ಬರ್ಗ್‌ನಲ್ಲಿ ಒಂದೇ ಸಲಕ್ಕೆ ಎರಡು ಆಲ್ಬಮ್ ರೆಕಾರ್ಡ್ ಮಾಡಲು ಕೂತರು. ಸಾಕುಬೇಕಾಯಿತು. ಅದರ ನಡುವೆಯೇ ಓಕರ್‌ಫೆಲ್ಟ್‌ನ ಅಜ್ಜಿ ಕಾರು ಅಪಘಾತದಲ್ಲಿ ತೀರಿಕೊಂಡರು. ಎರಡೂ ಆಲ್ಬಮ್‌ಗಳು ಆ ಅಜ್ಜಿಗೇ ಅರ್ಪಣೆ. ಗಡಸಿನದು ‘ಡೆಲಿವರೆನ್ಸ್’ ಅಂತ 2002ರ ನವೆಂಬರ್‌ನಲ್ಲಿ ಬಂತು. ಐದು ತಿಂಗಳ ಮೇಲೆ ಮೆದುವಿನದು.

ಈಗ ನಾನು ಹೇಳಬೇಕು ಅಂತ ಬಂದ ಒಂದೇ ಒಂದು ಮಾತು ಹೇಳುತ್ತೇನೆ. ‘ಡ್ಯಾಮ್ನೇಷನ್’ ಯಾಕೆ ಅಷ್ಟು ಬೇಸರದ ಆಲ್ಬಮ್ ಅನ್ನಿಸುತ್ತದೆ ಅಂದರೆ, ಅದು ನಿಧಾನ ಅಂತಲ್ಲ, ಸಾಹಿತ್ಯದಲ್ಲಿ ಸಾವು ನೋವು ಇದೆ ಅಂತಲೂ ಅಲ್ಲ. ಗುಡುಗಬಲ್ಲವರು ಗುಡುಗದೆ ಇದ್ದಾರೆ, ಅದಕ್ಕೆ. ಇಡೀ 43 ನಿಮಿಷದಲ್ಲಿ ಒಂದೇ ಒಂದು ಗ್ರೌಲ್ ಇಲ್ಲ. ತೂಕದ ಡಿಸ್ಟಾರ್ಷನ್ ಗಿಟಾರ್, ಅಂದರೆ ದನಿ ಬೇಕೆಂದೇ ಒರಟು ಮಾಡಿದ ಗಿಟಾರ್, ಇಲ್ಲವೆಂದೇ ಹೇಳಬಹುದು. ಈ ತಂಡವನ್ನು ಮೊದಲಿಂದ ಕೇಳಿದವರಿಗೆ ಪ್ರತಿ ಹಾಡಿನಲ್ಲೂ ಒಂದು ಜಾಗ ಸಿಗುತ್ತದೆ. ಇಲ್ಲಿ ಈಗ ಗುಡುಗು ಬೀಳಬೇಕು, ಹಿಂದಿನ ಆಲ್ಬಮ್ ಆಗಿದ್ದರೆ ಬೀಳುತ್ತಿತ್ತು. ಬೀಳುವುದಿಲ್ಲ. ಮೋಡ ಹಾಗೇ ಕವಿದುಕೊಂಡು ಮುಂದೆ ಹೋಗುತ್ತದೆ. ಅಳು ಬಂದರೆ ಮನಸ್ಸು ಹಗುರವಾಗುತ್ತದೆ. ಬರದೆ ಗಂಟಲಲ್ಲೇ ಕೂತುಬಿಟ್ಟರೆ?

ಪ್ರಾಗ್‌ನಲ್ಲಿ ಇದು ಸಣ್ಣ ಸಂಗತಿ ಅಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ. ಪ್ರಾಗ್ ಲೋಕದಲ್ಲಿ ಮಾತ್ರ ತುಂಬಿದ ಕೊಡ ತುಳುಕಲೇಬೇಕು, ಸುತ್ತಲಿದ್ದವರೆಲ್ಲ ನೆನೆಯಬೇಕು ಅನ್ನುವ ನಿಯಮ ಇದ್ದ ಹಾಗಿತ್ತು. ಕೀಬೋರ್ಡ್ ನುಡಿಸುವವನಿಗೆ ಹತ್ತು ಬೆರಳಿದ್ದರೆ ಹನ್ನೆರಡು ಬೆರಳಿನ ಕೆಲಸ. ನಾನು ಗೇಲಿ ಮಾಡುತ್ತಿಲ್ಲ, ನನಗೂ ಅದು ಇಷ್ಟವೇ. ಆದರೆ ಬೇಸರ ಅನ್ನುವುದು ಆ ಗದ್ದಲದಲ್ಲಿ ಬದುಕುವುದು ಕಷ್ಟ.

ಬೇಸರ ಅಂದೆ. ಈ ಪದದ ಬಗ್ಗೆ ಸ್ವಲ್ಪ ನಿಲ್ಲಬೇಕು. ಇಂಗ್ಲಿಷಿನಲ್ಲಿ ಮೆಲಂಕಲಿ ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ನಮ್ಮಲ್ಲಿ ವಿಷಾದ ಅಂದರೆ ಪುಸ್ತಕದ ವಾಸನೆ ಹೊಡೆಯುತ್ತದೆ, ಶ್ರದ್ಧಾಂಜಲಿಯಲ್ಲಿ ಬರುವ ಪದ ಅದು. ದುಃಖಕ್ಕೆ ಒಂದು ಕಾರಣ ಇರುತ್ತದೆ, ಯಾಕೆ ದುಃಖ ಅಂದರೆ ಇಂಥದ್ದಕ್ಕೆ ಅಂತ ಬೆರಳಿಟ್ಟು ತೋರಿಸಬಹುದು. ಬೇಜಾರು ಅಂದರೆ ಬೋರೂ ಆಗಬಹುದು, ಸಿಟ್ಟೂ ಆಗಬಹುದು. ನನಗೆ ಹತ್ತಿರ ಅನ್ನಿಸುವುದು ಹಳಹಳಿ. ಕಳೆದದ್ದು ಇನ್ನು ಬರುವುದಿಲ್ಲ ಅಂತ ಗೊತ್ತಿದ್ದೂ ಅದನ್ನೇ ಸವರುತ್ತಾ ಕೂರುವುದು, ಆ ಸವರುವುದರಲ್ಲೇ ಒಂಥರಾ ಹಿತ ಕಾಣುವುದು. ಸ್ವೀಡಿಷ್ ಭಾಷೆಯಲ್ಲಿ ಇದಕ್ಕೆ ಹತ್ತಿರದ ಒಂದು ಪದ ಇದೆ, ವೇಮೋದ್. ಅನೆಕ್ಡೋಟೆನ್ ಅನ್ನುವ ಸ್ವೀಡಿಷ್ ಪ್ರಾಗ್ ತಂಡ 1993ರಲ್ಲಿ ತನ್ನ ಮೊದಲ ಆಲ್ಬಮ್‌ಗೆ ಇಟ್ಟ ಹೆಸರು ಅದೇ. ಅದಕ್ಕೆ ಒಂದು ವರ್ಷ ಮುಂಚೆ ಆಂಗ್ಲಗೋರ್ಡ್ ಅನ್ನುವ ತಂಡದ ‘ಹೈಬ್ರಿಸ್’ ಬಂದಿತ್ತು. ಪ್ರಾಗ್ ಸತ್ತೇಹೋಯಿತು ಅಂತ ಎಲ್ಲರೂ ಕೈತೊಳೆದುಕೊಂಡಿದ್ದಾಗ ಈ ಹುಡುಗರು ಅಟ್ಟದ ಮೇಲಿನ ಒಂದು ಹಳೇ ವಾದ್ಯವನ್ನು ಕೆಳಗಿಳಿಸಿದರು. ಮೆಲೋಟ್ರಾನ್.

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಪ್ರಾಗ್‌ನ ಹಳಹಳಿಯ ಅರ್ಧ ಗುಟ್ಟು ಈ ಪೆಟ್ಟಿಗೆಯೊಳಗಿದೆ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲು ತಯಾರಾಯಿತು. ನೋಡಲು ಹಾರ್ಮೋನಿಯಂ ಅಣ್ಣನ ಹಾಗೆ. ಒಳಗೆ ಮಾತ್ರ ಪ್ರತಿ ಕೀಗೂ ಒಂದೊಂದು ಟೇಪಿನ ಪಟ್ಟಿ. ಆ ಪಟ್ಟಿಯಲ್ಲಿ ಯಾರೋ ಪಿಟೀಲು ನುಡಿಸಿದ್ದು, ಯಾರೋ ಕೊಳಲು ಊದಿದ್ದು, ಒಂದೇ ಸ್ವರ, ಮೊದಲೇ ರೆಕಾರ್ಡ್ ಆಗಿರುತ್ತದೆ. ಕೀ ಒತ್ತಿದರೆ ಪಟ್ಟಿ ತಿರುಗುವ ದಂಡಕ್ಕೆ ಅಂಟಿಕೊಂಡು ಮುಂದೆ ಸರಿಯುತ್ತದೆ, ಸ್ವರ ಕೇಳುತ್ತದೆ. ಒತ್ತಿ ಹಿಡಿದರೆ ಎಷ್ಟು ಹೊತ್ತು ಬರುತ್ತದೆ? ಸುಮಾರು ಎಂಟು ಸೆಕೆಂಡು. ಅಷ್ಟೇ. ಟೇಪು ಮುಗಿಯಿತು, ಸ್ವರ ಸತ್ತಿತು. ಬೆರಳು ತೆಗೆದರೆ ಸ್ಪ್ರಿಂಗ್ ಪಟ್ಟಿಯನ್ನು ಮೊದಲಿನ ಜಾಗಕ್ಕೆ ಎಳೆದುಕೊಳ್ಳುತ್ತದೆ.

ಅಂದರೆ ನೀವು ಕೇಳುತ್ತಿರುವುದು ಪಿಟೀಲಲ್ಲ. ಯಾವತ್ತೋ ಒಂದು ದಿನ ಯಾರೋ ನುಡಿಸಿ ಎದ್ದುಹೋದ ಪಿಟೀಲಿನ ನೆನಪು. ಟೇಪು ಸಮವಾಗಿ ಓಡುವುದಿಲ್ಲ, ಹಾಗಾಗಿ ಶ್ರುತಿ ಕೂದಲೆಳೆಯಷ್ಟು ಅಲುಗುತ್ತದೆ. ಸ್ವರ ಎಂಟು ಸೆಕೆಂಡಿನಲ್ಲಿ ಸಾಯುತ್ತದೆ ಅಂತ ನುಡಿಸುವವನಿಗೆ ಗೊತ್ತು, ಅದಕ್ಕೆ ಅವನು ಒಂದೊಂದೇ ಬೆರಳು ಎತ್ತಿ ಮತ್ತೆ ಇಡುತ್ತಾನೆ, ಜೇಡ ನಡೆದ ಹಾಗೆ. ಮೂಡಿ ಬ್ಲೂಸ್ ತಂಡದ ಮೈಕ್ ಪಿಂಡರ್ ಈ ವಾದ್ಯ ತಯಾರಿಸುವ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದವನು, ಅದರ ಕಷ್ಟ ಅವನಿಗೆ ಗೊತ್ತಿತ್ತು. ಸಾಗಿಸಿದರೆ ಕೆಡುತ್ತದೆ, ಚಳಿಗೆ ಕೆಡುತ್ತದೆ, ಸೆಕೆಗೆ ಕೆಡುತ್ತದೆ. ಸಿಂಥಸೈಜರ್ ಬಂದಮೇಲೆ ಇದನ್ನು ಯಾರೂ ಮೂಸಿ ನೋಡಲಿಲ್ಲ ಅಂದರೆ ಆಶ್ಚರ್ಯ ಇಲ್ಲ. ಆದರೆ ಆ ಅಲುಗಾಟ ಸಿಂಥಸೈಜರ್‌ಗೆ ಬರಲಿಲ್ಲ.

1969ರ ಅಕ್ಟೋಬರ್‌ನಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ ಬಂತು. ಅದರಲ್ಲಿ ‘ಎಪಿಟಾಫ್’ ಅಂತ ಒಂದು ಹಾಡು. ಗ್ರೆಗ್ ಲೇಕ್ ಹಾಡುತ್ತಾನೆ, ಹಿಂದೆ ಮೆಲೋಟ್ರಾನ್ ಗೋಡೆಯ ಹಾಗೆ ಏಳುತ್ತದೆ. ಪ್ರಾಗ್‌ನ ಬೇಸರ ಅಲ್ಲಿಂದ ಶುರು ಅಂತ ನಾನು ಲೆಕ್ಕ ಹಿಡಿಯುತ್ತೇನೆ. ಆದರೆ ಗಮನಿಸಿ, ಅದು ಲೋಕದ ಬೇಸರ. ಮನುಕುಲ ಎಲ್ಲಿಗೆ ಹೊರಟಿದೆ, ನಾಳೆ ಏನಾಗುತ್ತದೋ, ಆ ಅಳತೆಯದು. ಪಿಂಕ್ ಫ್ಲಾಯ್ಡ್‌ನ 1975ರ ‘ವಿಶ್ ಯು ವರ್ ಹಿಯರ್’ ಇನ್ನೂ ಹತ್ತಿರದ್ದು, ತಂಡ ಬಿಟ್ಟುಹೋದ ಗೆಳೆಯ ಸಿಡ್ ಬ್ಯಾರೆಟ್ ಬಗ್ಗೆ. ರೆಕಾರ್ಡಿಂಗ್ ನಡೆಯುತ್ತಿದ್ದಾಗ ಒಂದು ದಿನ ಅವನೇ ಸ್ಟುಡಿಯೋಗೆ ಬಂದ, ತಲೆ ಬೋಳಿಸಿ, ಹುಬ್ಬು ಬೋಳಿಸಿ, ದಪ್ಪಗಾಗಿ. ಜೊತೆಗೆ ಆಡಿ ಬೆಳೆದವರಿಗೇ ಗುರುತು ಹತ್ತಲಿಲ್ಲ. ಈ ಕಥೆ ನಿಮಗೆಲ್ಲ ಗೊತ್ತಿರುತ್ತದೆ, ಅದಕ್ಕೇ ಬೇಗ ಮುಂದೆ ಹೋಗುತ್ತೇನೆ. ಆ ಆಲ್ಬಮ್‌ನಲ್ಲಿ ಗೆಳೆಯನ ನೆನಪಿನ ಜೊತೆಗೆ ಸಂಗೀತದ ವ್ಯಾಪಾರದ ಮೇಲಿನ ಸಿಟ್ಟೂ ಇದೆ. ಪೂರ್ತಿ ಬೇಸರವಲ್ಲ ಅದು.

ನನಗೆ ‘ಡ್ಯಾಮ್ನೇಷನ್’ನ ನಿಜವಾದ ಹಿರಿಯಣ್ಣ ಅನ್ನಿಸುವುದು ಕಿಂಗ್ ಕ್ರಿಮ್ಸನ್‌ನದೇ 1974ರ ‘ಸ್ಟಾರ್‌ಲೆಸ್’. ‘ರೆಡ್’ ಆಲ್ಬಮ್‌ನ ಕೊನೆಯ ಹಾಡು, ಹನ್ನೆರಡು ನಿಮಿಷ. ಮೊದಲು ಮೆಲೋಟ್ರಾನ್, ಅದರ ಮೇಲೆ ಗಿಟಾರಿನ ಒಂದು ರಾಗ, ಜಾನ್ ವೆಟನ್‌ನ ಒರಟು ಸುಸ್ತು ಗಂಟಲು. ನಾಲ್ಕು ನಿಮಿಷ ಆದಮೇಲೆ ಹಾಡು ಖಾಲಿಯಾಗುತ್ತದೆ. ಬೇಸ್ ಮಾತ್ರ 13 ಎಣಿಕೆಯ ಒಂದು ಕುಂಟು ನಡಿಗೆ ಹಿಡಿಯುತ್ತದೆ. ಅದರ ಮೇಲೆ ರಾಬರ್ಟ್ ಫ್ರಿಪ್, ಲೋಕದ ಯಾವ ಗಿಟಾರ್ ವಾದಕನ ಎದುರಿಗೂ ತಲೆ ತಗ್ಗಿಸಬೇಕಿಲ್ಲದ ಮನುಷ್ಯ, ಒಂದೇ ಸ್ವರ ನುಡಿಸುತ್ತಾನೆ. ಟಣ್. ಟಣ್. ಅದನ್ನೇ ಎರಡು ತಂತಿಯಲ್ಲಿ ಬದಲಿಸಿ ಬದಲಿಸಿ. ಸ್ವಲ್ಪ ಹೊತ್ತಾದಮೇಲೆ ಸ್ವಲ್ಪ ಮೇಲಿನ ಸ್ವರ. ಮತ್ತೆ ಅದನ್ನೇ. ಕೇಳುವವರಿಗೆ ಹಲ್ಲು ಕಚ್ಚುವ ಹಾಗಾಗುತ್ತದೆ, ಬಿಡಪ್ಪಾ ಸಾಕು ಅನ್ನಿಸುತ್ತದೆ. ಕೊನೆಗೆ ಬಿಡುತ್ತಾರೆ. ಕಟ್ಟೆ ಒಡೆಯುತ್ತದೆ, ಎಲ್ಲ ವಾದ್ಯವೂ ಓಡುತ್ತವೆ, ಮೊದಲಿನ ಆ ರಾಗ ಹೊಳೆಯಂತೆ ತುಂಬಿಕೊಂಡು ವಾಪಸ್ ಬರುತ್ತದೆ. ಎಷ್ಟು ಸಲ ಕೇಳಿದರೂ ನನಗೆ ಅಲ್ಲಿ ಮೈ ಜುಮ್ ಅನ್ನುತ್ತದೆ.

ಓಪೆತ್ ಮಾಡಿದ್ದು ಆ ಕಟ್ಟೆ ಕಟ್ಟುವ ತನಕದ ಕೆಲಸ. ಒಡೆಯಲಿಲ್ಲ. ನೀರು ಅಲ್ಲೇ ನಿಂತಿದೆ. ಒಡೆಯುವ ಕೆಲಸವೆಲ್ಲ ಐದು ತಿಂಗಳ ಹಿಂದೆ ಬಂದ ಇನ್ನೊಂದು ಆಲ್ಬಮ್‌ಗೆ ಹೋಗಿತ್ತು. ‘ಡೆಲಿವರೆನ್ಸ್’ ಅನ್ನುವ ಹಾಡಿನ ಕೊನೆಯ ಕೆಲವು ನಿಮಿಷ ಕೇಳಿ, ಡ್ರಮ್ಸ್ ಗಿಟಾರ್ ಒಟ್ಟಿಗೆ ಒಂದೇ ಪೆಟ್ಟನ್ನು ಬಡಿದು ಬಡಿದು ನಿಲ್ಲಿಸುವುದೇ ಇಲ್ಲ. ಅದೇ ತಂಡ, ಅದೇ ಬೇಸಿಗೆ.

ಸರಿ, ಹಾಡುಗಳಿಗೆ ಬರೋಣ. ಮೊದಲನೆಯದು ‘ವಿಂಡೋಪೇನ್’, ಕಿಟಕಿಯ ಗಾಜು. ಏಳೂವರೆ ನಿಮಿಷ ದಾಟುತ್ತದೆ, ಇಡೀ ಆಲ್ಬಮ್‌ನಲ್ಲಿ ಇದೇ ಉದ್ದದ್ದು. ಗಿಟಾರ್ ಒಂದೊಂದೇ ತಂತಿ ಮೀಟುತ್ತಾ ಶುರುವಾಗುತ್ತದೆ, ಯಾವ ಎಫೆಕ್ಟೂ ಇಲ್ಲದ ಬರೀ ದನಿ. ಡ್ರಮ್ಸ್ ಬಂದಾಗ ಮಾರ್ಟಿನ್ ಲೋಪೆಸ್ ಏನು ಮಾಡುತ್ತಾನೆ ಅನ್ನುವುದನ್ನು ಕೇಳಿಸಿಕೊಳ್ಳಿ. ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಚರ್ಮಕ್ಕೆ ಬಲವಾಗಿ ಹೊಡೆಯುವ ಬದಲು ಕಡ್ಡಿಯನ್ನು ಅಂಚಿಗೆ ತಾಗಿಸುತ್ತಾನೆ. ಟಕ್. ಕಿಟಕಿಗೆ ಯಾರೋ ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ. ಅವನೂ ಬೇಸ್ ನುಡಿಸುವ ಮಾರ್ಟಿನ್ ಮೆಂಡೆಸ್‌ನೂ ಉರುಗ್ವೆ ಮೂಲದವರು, ಇಬ್ಬರ ಕೈಯಲ್ಲೂ ಮೆಟಲ್ ಹುಡುಗರಲ್ಲಿ ಸಾಮಾನ್ಯವಾಗಿ ಕಾಣದ ಒಂದು ಸಡಿಲ ಇದೆ. ಹಾಡಿನಲ್ಲಿ ಒಂದು ಮುಖ, ಗಾಜಿನಲ್ಲಿ ಬೆಳಕು ಬಿದ್ದಾಗ ಕಾಣುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣುತ್ತದೆ. ಯಾರದು ಅಂತ ಹೇಳುವುದಿಲ್ಲ. ನಡುವೆ ಒಂದು ಗಿಟಾರ್ ಸೋಲೋ ಬರುತ್ತದೆ, ಅದರಲ್ಲಿರುವ ಸ್ವರಗಳನ್ನು ನೀವು ಗುನುಗಬಹುದು. ಗುನುಗಲು ಬರುವ ಸೋಲೋ ನುಡಿಸುವುದು ಎಷ್ಟು ಕಷ್ಟ ಅಂತ ಗಿಟಾರ್ ಕಲಿತವರನ್ನು ಕೇಳಿ.

ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲಿನ ವಿಷಯದಲ್ಲಿ ಓಕರ್‌ಫೆಲ್ಟ್‌ಗೆ ಒಂದು ಚಾಳಿ ಇದೆ. ಮನೆ ಬಾಗಿಲ ತನಕ ಬಂದು ಪಕ್ಕದ ಓಣಿಗೆ ತಿರುಗಿಬಿಡುತ್ತಾನೆ. ಕಿವಿ ಇನ್ನೇನು ಬಂತು ಅಂದುಕೊಂಡ ಕಾರ್ಡ್ ಬರುವುದಿಲ್ಲ, ಅದರ ನೆಂಟ ಯಾರೋ ಬರುತ್ತಾನೆ. ಸಂಗೀತ ಶಾಸ್ತ್ರ ಗೊತ್ತಿಲ್ಲದವರಿಗೂ ಇದು ತಿಳಿಯುತ್ತದೆ, ಹೆಸರು ಹೇಳಲು ಬರುವುದಿಲ್ಲ ಅಷ್ಟೇ. ಏನೋ ಸರಿಯಾಗಿ ಕೂತಿಲ್ಲ ಅನ್ನಿಸುತ್ತಾ ಇರುತ್ತದೆ.

ಎರಡನೆಯದು ‘ಇನ್ ಮೈ ಟೈಮ್ ಆಫ್ ನೀಡ್’. ಜನ ಹೆಚ್ಚು ಇಷ್ಟಪಡುವುದು ಇದನ್ನು, ಅದರಲ್ಲಿ ತಪ್ಪೇನಿಲ್ಲ. ಪಲ್ಲವಿ ಬಂದಾಗ ಹಿಂದಿನಿಂದ ಮೆಲೋಟ್ರಾನ್ ಏಳುತ್ತದೆ ನೋಡಿ, ಆ ಕೈ ಸ್ಟೀವನ್ ವಿಲ್ಸನ್‌ದು. ಈ ಆಲ್ಬಮ್‌ನಲ್ಲಿ ಅವನು ನಿರ್ಮಾಪಕ ಮಾತ್ರ ಅಲ್ಲ, ಪಿಯಾನೋ, ಮೆಲೋಟ್ರಾನ್ ಅವನವೇ, ಜೊತೆಯಲ್ಲಿ ದನಿಗೂಡಿಸಿದ್ದಾನೆ, ಮಿಕ್ಸ್ ಮಾಡಿದ್ದಾನೆ, ಮೂರನೆಯ ಹಾಡಿಗೆ ಸಾಹಿತ್ಯವನ್ನೂ ಬರೆದಿದ್ದಾನೆ. ಕೆಲವರು ಇದು ಅರ್ಧ ಪೋರ್ಕ್ಯುಪೈನ್ ಟ್ರೀ ಆಲ್ಬಮ್ ಅಂತ ಹೀಗಳೆಯುತ್ತಾರೆ. ನಾನು ಒಪ್ಪುವುದಿಲ್ಲ. ವಿಲ್ಸನ್ ಹಾಡುಗಳಲ್ಲಿ ಬೇಸರಕ್ಕೆ ಒಂದು ಇಸ್ತ್ರಿ ಇರುತ್ತದೆ, ಮಡಿಕೆ ಸರಿಯಾಗಿ ಬಿದ್ದಿರುತ್ತದೆ. ಇಲ್ಲಿ ಬಟ್ಟೆ ಸುಕ್ಕಾಗಿಯೇ ಇದೆ. ಅವನು ಬರೆದ ಆ ಮೂರನೆಯ ಹಾಡು, ‘ಡೆತ್ ವಿಸ್ಪರ್ಡ್ ಅ ಲಲಬೈ’, ಅದೊಂದಕ್ಕೆ ಮಾತ್ರ ಇಸ್ತ್ರಿ ಬಿದ್ದಿದೆ, ಅದಕ್ಕೇ ನನಗೆ ಅದು ಸ್ವಲ್ಪ ದೂರ.

ನಾಲ್ಕನೆಯದು ಆಗಲೇ ಕೇಳಿದಿರಿ, ಬಾಗಿಲು ಮುಚ್ಚದೆ ಹೋದದ್ದು. ಇನ್ನೊಂದು ಕೀಟಲೆ ಇದೆ. ಏಳನೆಯದರ ಹೆಸರು ‘ಎಂಡಿಂಗ್ ಕ್ರೆಡಿಟ್ಸ್’. ಸಿನಿಮಾ ಮುಗಿದಮೇಲೆ ಹೆಸರುಗಳು ಮೇಲೆ ಹೋಗುತ್ತವಲ್ಲ, ಅದು. ಮಾತಿಲ್ಲದ ವಾದ್ಯದ ತುಣುಕು. ಎಲ್ಲ ಮುಗಿಯಿತು, ಚಪ್ಪಲಿ ಹುಡುಕೋಣ ಅಂತ ನೀವು ಏಳುತ್ತೀರಿ. ಆಮೇಲೆ ಇನ್ನೊಂದು ಹಾಡು ಬರುತ್ತದೆ. ಮುಗಿಯಬೇಕಾದ್ದು ಮುಗಿಯುವುದಿಲ್ಲ, ಮುಗಿಯಿತು ಅಂದುಕೊಂಡದ್ದು ಮುಂದುವರಿಯುತ್ತದೆ. ಯಾರನ್ನಾದರೂ ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಗಳಿ ಹೊಗಳಿ ಅಟ್ಟಕ್ಕೇರಿಸಲು ನಾನು ಬಂದಿಲ್ಲ. ದೋಷ ಇವೆ. ‘ಎಂಡಿಂಗ್ ಕ್ರೆಡಿಟ್ಸ್’ ಹೆಸರಿನ ಆಟ ಚೆನ್ನಾಗಿದೆ, ಸಂಗೀತ ಮಾತ್ರ ಕ್ಯಾಮೆಲ್ ತಂಡದ ಆಂಡಿ ಲ್ಯಾಟಿಮರ್ ಗಿಟಾರನ್ನು ಕೇಳಿದವರಿಗೆ ತೀರಾ ಪರಿಚಿತ. ಪ್ರೀತಿಯಿಂದ ಮಾಡಿದ ನಕಲು, ಆದರೂ ನಕಲು. ಸಾಹಿತ್ಯ ಬಹಳ ಕಡೆ ಮಂಜುಮಂಜು. ನೆರಳು, ಮೌನ, ಭರವಸೆ ಹೋಯಿತು, ಇಂಥ ಮಾತುಗಳು ಎಲ್ಲಿ ಬೇಕಾದರೂ ಸಿಗುತ್ತವೆ, ಹದಿನೆಂಟರ ಹುಡುಗನ ಡೈರಿಯಲ್ಲಂತೂ ಖಂಡಿತ. ಕಾಗದದ ಮೇಲೆ ಓದಿದರೆ ಏನೂ ಅನ್ನಿಸುವುದಿಲ್ಲ. ಅದನ್ನು ಉಳಿಸಿರುವುದು ಹಾಡುವ ರೀತಿ. ಎಂಥ ಗರ್ಜನೆಯ ಮನುಷ್ಯ, ಇಲ್ಲಿ ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಅನ್ನುವ ಹಾಗೆ ಹಾಡುತ್ತಾನೆ.

ಹೋದ ಸಲ ಇದೇ ಮಾತು ಆಡಿದಾಗ ಒಬ್ಬರು ಎದ್ದುನಿಂತು ಕೇಳಿದ್ದರು: ಸ್ವಾಮಿ, ಇದು ಪ್ರಾಗ್ ಹೇಗಾಗುತ್ತದೆ? ಹಾಡುಗಳು ಚಿಕ್ಕವು, ಕಷ್ಟದ ತಾಳಗಳ ಮೆರವಣಿಗೆ ಇಲ್ಲ, ಕಥೆ ಇಲ್ಲ, ಹಲವು ತುಣುಕು ಪೋಣಿಸಿದ ಇಪ್ಪತ್ತು ನಿಮಿಷದ ಸೂಟ್ ಇಲ್ಲ. ಒಳ್ಳೆಯ ಪ್ರಶ್ನೆ. ಮೆಟಲ್ ಮಂದಿಯೂ ಆಗ ಇದನ್ನೇ ಇನ್ನೊಂದು ಕಡೆಯಿಂದ ಕೇಳಿದರು, ಇದರಲ್ಲಿ ಮೆಟಲ್ ಎಲ್ಲಿದೆ ಅಂತ. ಎರಡೂ ಮನೆಯವರು ಇದು ನಮ್ಮ ಕೂಸಲ್ಲ ಅಂದರು. ನನ್ನ ಉತ್ತರ ಇಷ್ಟೇ. ಉದ್ದ, ತಾಳ, ಕಥೆ ಇವನ್ನೆಲ್ಲ ಪ್ರಾಗ್‌ನ ಲಕ್ಷಣ ಅಂದುಕೊಂಡರೆ 1972ರ ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ ಒಂದು ಅಳತೆಪಟ್ಟಿ ಆಗುತ್ತದೆ, ಆಮೇಲೆ ಬಂದವರೆಲ್ಲ ಅದರ ಕೆಳಗೆ ನಿಂತು ಎತ್ತರ ಅಳೆಸಿಕೊಳ್ಳಬೇಕು. ಹಾಗೆ ಮಾಡಿದ ತಂಡಗಳು ಬೇಕಾದಷ್ಟಿವೆ, ಹೊಸದಾಗಿ ಏನನ್ನೂ ಮಾಡದೆ ಪ್ರೋಗ್ರೆಸಿವ್ ಅನ್ನಿಸಿಕೊಂಡವರು. ತನಗೆ ಚೆನ್ನಾಗಿ ಬರುವುದನ್ನೇ ಬದಿಗಿಟ್ಟು, ಅದು ಇಲ್ಲದೆಯೂ ನಿಲ್ಲಬಲ್ಲೆನಾ ಅಂತ ನೋಡಿದ ತಂಡವನ್ನು ಪ್ರಾಗ್ ಅಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅದರಿಂದ ಮುಂದೆ ಏನಾಯಿತು ಅನ್ನುವುದಕ್ಕೆ ಎರಡು ಮೂರು ಸಂಗತಿ. 2003ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್ ಎಂಪೈರ್‌ನಲ್ಲಿ ಓಪೆತ್ ಒಂದು ಕಛೇರಿ ಮಾಡಿತು, ‘ಲ್ಯಾಮೆಂಟೇಷನ್ಸ್’ ಅಂತ ಡಿವಿಡಿ ಬಂದಿದೆ. ಮೊದಲ ಭಾಗ ಪೂರ್ತಿ ಈ ಆಲ್ಬಮ್, ಎರಡನೆಯ ಭಾಗದಲ್ಲಿ ಗರ್ಜನೆ. ಅದರಲ್ಲಿ ‘ಕ್ಲೋಷರ್’ ಹಾಡನ್ನು ಪಟ್ಟನೆ ನಿಲ್ಲಿಸದೆ ಎಳೆದು ಎಳೆದು ನುಡಿಸಿದ್ದಾರೆ. ವೇದಿಕೆಯ ಮೇಲೆ ಎದುರಿಗೆ ಜನ ಕೂತಿದ್ದಾಗ ಹಾಗೆ ಕತ್ತರಿಸಲು ಮನಸ್ಸು ಬರಲಿಲ್ಲವೇನೋ. ಚೆನ್ನಾಗಿದೆ, ಆದರೆ ನನಗೆ ಕತ್ತರಿಸಿದ್ದೇ ಇಷ್ಟ. 2011ರಲ್ಲಿ ‘ಹೆರಿಟೇಜ್’ ಬಂತು, ಗ್ರೌಲ್ ಪೂರ್ತಿ ಬಿಟ್ಟರು, ಅಭಿಮಾನಿಗಳಲ್ಲಿ ಅರ್ಧ ಜನ ಮುನಿಸಿಕೊಂಡರು. ಗರ್ಜನೆ ಮತ್ತೆ ಆಲ್ಬಮ್‌ಗೆ ಬಂದದ್ದು 2024ರಲ್ಲಿ. ನಡುವೆ 2012ರಲ್ಲಿ ಓಕರ್‌ಫೆಲ್ಟ್ ಮತ್ತು ವಿಲ್ಸನ್ ಸೇರಿ ‘ಸ್ಟಾರ್ಮ್ ಕರೋಷನ್’ ಅಂತ ಮಾಡಿದರು, ಮತ್ತೆ ಗುಡುಗಿಲ್ಲದ ಮೋಡ. ವಿಲ್ಸನ್‌ನ 2013ರ ‘ದಿ ರೇವನ್ ದಟ್ ರೆಫ್ಯೂಸ್ಡ್ ಟು ಸಿಂಗ್’ ಕೇಳಿ, ತೀರಿಹೋದ ಅಕ್ಕನ ನೆನಪಲ್ಲಿ ಮುದಿಯಾದ ಒಬ್ಬ ತಮ್ಮನ ಹಾಡು ಅದು. ಅಲ್ಲಿ ಮಾತ್ರ ಕೊನೆಗೆ ಕಟ್ಟೆ ಒಡೆಯುತ್ತದೆ, ಹಳೇ ಪದ್ಧತಿಯಲ್ಲಿ. ಪ್ರಾಗ್‌ನಲ್ಲಿ ಬೇಸರವೇ ಮುಖ್ಯವಾದ ಒಂದು ಕವಲು ಇವತ್ತು ಇದೆ, ಆ ಕಡೆ ಹೋಗುವವರು ಒಂದಲ್ಲ ಒಂದು ಸಲ ಈ 43 ನಿಮಿಷದ ಮೂಲಕ ಹಾದುಹೋಗುತ್ತಾರೆ.

ಈಗ ಕೊನೆಯ ಹಾಡು ಹಾಕುತ್ತೇನೆ, ಕ್ರೆಡಿಟ್ಸ್ ಮುಗಿದಮೇಲೆ ಬರುವುದು. ‘ವೀಕ್‌ನೆಸ್’. ನಾಲ್ಕು ನಿಮಿಷ. ಡ್ರಮ್ಸ್ ಇಲ್ಲ. ಎಲೆಕ್ಟ್ರಿಕ್ ಪಿಯಾನೋ, ಮೆಲೋಟ್ರಾನ್, ಒಂದು ದನಿ, ಹೆಚ್ಚುಕಡಿಮೆ ಅಷ್ಟೇ. ಮೆಲೋಟ್ರಾನ್ ಬಂದಾಗ ಸ್ವರ ಸ್ವಲ್ಪ ಅಲುಗುತ್ತದಲ್ಲ, ಅದನ್ನು ಹಿಡಿದುಕೊಂಡು ಕೂತಿರಿ. ಯಾರಾದರೂ ಹಿಂದಿನ ಆ ಲೈಟ್ ಒಂದು ಆರಿಸಿ. ಮುಗಿದಮೇಲೆ ಚಪ್ಪಾಳೆ ಬೇಡ, ಹಾಗೇ ಎದ್ದು ಹೋಗಬಹುದು.